ಲೈಪೋಸೋಮ್ ಮಾಡುವ ಬಗೆ: ತೂಕದ ತಟ್ಟೆಯಿಂದ ಜೀನ್ ಸಾಗಣೆಯವರೆಗೆ ಹಂತ ಹಂತವಾಗಿ

ಎಂ.ಫಾರ್ಮ್ ಪ್ರಾಜೆಕ್ಟ್ ಶುರುವಾಗಿ ಎರಡು ತಿಂಗಳಾಗುವ ಹೊತ್ತಿಗೆ, ಬೆಳಗಾವಿಯ ನಮ್ಮ ಲ್ಯಾಬಿನ ಬಾಗಿಲಲ್ಲಿ ಯಾರಾದರೂ ಒಬ್ಬರು ಫ್ಲಾಸ್ಕ್ ಹಿಡಿದು ನಿಂತಿರುತ್ತಾರೆ. "ಸರ್, ಮತ್ತ ಗಂಟ ಕಟ್ಟೇತ್ರೀ." ಫ್ಲಾಸ್ಕ್ ಬೇರೆ, ಹಿಡಿದವರು ಬೇರೆ, ಗಂಟು ಮಾತ್ರ ಅದೇ. ಸೋನಿಕೇಟರ್ (ಶಬ್ದದ ಅಲೆಗಳಿಂದ ಕಣ ಒಡೆಯುವ ಯಂತ್ರ) ಸರಿ ಇಲ್ಲ, ಇನ್ನೂ ಹತ್ತು ನಿಮಿಷ ಹಾಕ್ಲಾ ಅಂತ ಕೇಳುತ್ತಾರೆ. ಸೋನಿಕೇಟರ್‌ಗೆ ಬರುವ ಮೊದಲೇ ಎಲ್ಲ ಕೆಟ್ಟಿರುತ್ತೆ. ತೂಕ ಮಾಡುವಾಗ, ಒಣಗಿಸುವಾಗ, ನೀರು ಹಾಕುವಾಗ.

ಲೈಪೋಸೋಮ್ ಅಂದರೆ ಕೊಬ್ಬಿನ ಪದರದಿಂದಾದ, ಔಷಧ ಹೊರುವ ಅತಿಸಣ್ಣ ಗುಳ್ಳೆ. ಅದನ್ನು ಮಾಡಲು ಇಲ್ಲಿ ಹೇಳುತ್ತಿರುವುದು ತೆಳು ಪದರದ ವಿಧಾನ. ಕೊಬ್ಬನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಗಾಜಿನ ಒಳಗೋಡೆಗೆ ತೆಳ್ಳಗೆ ಹಚ್ಚಿ ಒಣಗಿಸಿ, ಆಮೇಲೆ ನೀರು ಕುಡಿಸುವುದು. ಉದಾಹರಣೆಗೆ ಸೋಯಾ ಫಾಸ್ಫಟಿಡೈಲ್‌ಕೋಲಿನ್ (ಸೋಯಾದಿಂದ ತೆಗೆದ ಫಾಸ್ಫೋಲಿಪಿಡ್ ಎಂಬ ಬಗೆಯ ಕೊಬ್ಬು), ಕೊಲೆಸ್ಟರಾಲ್ ಮತ್ತು ಔಷಧವಾಗಿ ಕರ್ಕ್ಯುಮಿನ್ (ಅರಿಶಿನದ ಹಳದಿ ಅಂಶ) ತೆಗೆದುಕೊಂಡಿದ್ದೇನೆ. ಕೊನೆಗೆ ಡಿಎನ್‌ಎ ಸಾಗಿಸುವ ಲೈಪೋಸೋಮ್ ಬಗ್ಗೆಯೂ ಇದೆ. ಇದೆಲ್ಲ ಲ್ಯಾಬಿನ ಕೆಲಸ. ಇಲ್ಲಿ ತಯಾರಾದದ್ದು ಮನುಷ್ಯರಿಗೆ ಚುಚ್ಚುವ ಮದ್ದಲ್ಲ.

ಮೊದಲು ಟೇಬಲ್ ಮೇಲೆ ಏನೇನಿರಬೇಕು

ರೋಟರಿ ಇವಾಪೊರೇಟರ್ (ಫ್ಲಾಸ್ಕ್ ತಿರುಗಿಸುತ್ತಾ ದ್ರಾವಕವನ್ನು ಆವಿ ಮಾಡುವ ಯಂತ್ರ), 250 ಮಿ.ಲೀ. ದುಂಡು ತಳದ ಫ್ಲಾಸ್ಕ್, ವ್ಯಾಕ್ಯೂಮ್ ಪಂಪ್, ವ್ಯಾಕ್ಯೂಮ್ ಡೆಸಿಕೇಟರ್, ವಾಟರ್ ಬಾತ್, ಪ್ರೋಬ್ ಸೋನಿಕೇಟರ್ ಅಥವಾ ಕೈಯಿಂದ ಒತ್ತುವ ಎಕ್ಸ್‌ಟ್ರೂಡರ್, ಸೆಂಟ್ರಿಫ್ಯೂಜ್, ಯುವಿ ಸ್ಪೆಕ್ಟ್ರೋಫೋಟೋಮೀಟರ್. ಕಣದ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಬೇರೆ ಕಡೆ ದಿನ ಗೊತ್ತು ಮಾಡಿಕೊಂಡೇ ತಯಾರಿ ಶುರು ಮಾಡಿ. ಮಾಡಿಟ್ಟು ಹದಿನೈದು ದಿನ ಕಾಯುವುದು ಬೇಡ.

ಕ್ಲೋರೋಫಾರ್ಮ್ ಮುಟ್ಟುವ ಎಲ್ಲವೂ ಗಾಜಿನದ್ದೇ ಆಗಿರಲಿ. ಪಾರದರ್ಶಕ ಪಾಲಿಸ್ಟೈರೀನ್ ಟ್ಯೂಬಿಗೆ ಹಾಕಿದರೆ ಟ್ಯೂಬೇ ಕರಗುತ್ತೆ. ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿದರೆ ಅದೂ ಕರಗಿ ನಿಮ್ಮ ಕೊಬ್ಬಿನ ಜೊತೆ ಸೇರುತ್ತೆ. ಅಳೆಯಲು ಗಾಜಿನ ಸಿರಿಂಜ್ ಬಳಸಿ. ಕೆಲಸ ಫ್ಯೂಮ್ ಹುಡ್ ಒಳಗೆ. ನೈಟ್ರೈಲ್ ಕೈಗವಸನ್ನು ಕ್ಲೋರೋಫಾರ್ಮ್ ಬೇಗ ದಾಟುತ್ತೆ, ಹನಿ ಬಿದ್ದ ಕೂಡಲೇ ಬದಲಿಸಿ.

ಇನ್ನೊಂದು, ಇದನ್ನು ಗೋಡೆಗೆ ಬರೆದು ಅಂಟಿಸಿ: ಕ್ಲೋರೋಫಾರ್ಮ್ ತ್ಯಾಜ್ಯದ ಬಾಟಲಿಗೆ ಅಸಿಟೋನ್ ಸುರಿಯಬೇಡಿ. ಜೊತೆಗೆ ಸ್ವಲ್ಪ ಕ್ಷಾರ ಇದ್ದರೂ ಬಿಸಿಯೇರಿ ಬಾಟಲಿ ಸಿಡಿಯಬಹುದು. ಫ್ಲಾಸ್ಕ್ ತೊಳೆದ ಅಸಿಟೋನ್‌ಗೆ ಬೇರೆ ಬಾಟಲಿ ಇಡಿ.

ಹಂತ 1: ಕೊಬ್ಬಿನ ಟ್ರಾನ್ಸಿಶನ್ ಉಷ್ಣಾಂಶ ಬರೆದಿಟ್ಟುಕೊಳ್ಳಿ

ಡಿಸೆಂಬರ್‌ನಲ್ಲಿ ಬೆಳಗಾವಿಯ ಅಡುಗೆಮನೆಯಲ್ಲಿ ತುಪ್ಪ ಹರಳುಗಟ್ಟಿ ಕೂತಿರುತ್ತೆ. ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ಅದೇ ತುಪ್ಪ ನೀರಿನಂತೆ ಸುರಿಯುತ್ತೆ. ಫಾಸ್ಫೋಲಿಪಿಡ್ ಪದರಕ್ಕೂ ಇಂಥದೇ ಒಂದು ಗಡಿ ಇದೆ, ಅದೇ ಟ್ರಾನ್ಸಿಶನ್ ಉಷ್ಣಾಂಶ. ಗಡಿಯ ಕೆಳಗೆ ಪದರ ಗಟ್ಟಿ, ಮೇಲೆ ಮೆತ್ತಗೆ. ಮೆತ್ತಗಿದ್ದಾಗ ಮಾತ್ರ ಅದು ನೀರು ಕುಡಿದು, ಬಾಗಿ, ಮುಚ್ಚಿಕೊಂಡು ಗುಳ್ಳೆಯಾಗುತ್ತೆ.

ಡಿಎಂಪಿಸಿ, ಡಿಪಿಪಿಸಿ, ಡಿಎಸ್‌ಪಿಸಿ ಇವೆಲ್ಲ ಬೇರೆ ಬೇರೆ ಫಾಸ್ಫೋಲಿಪಿಡ್‌ಗಳು. ಡಿಎಂಪಿಸಿಗೆ ಈ ಗಡಿ ಸುಮಾರು 24 ಡಿಗ್ರಿ ಸೆಲ್ಸಿಯಸ್. ಡಿಪಿಪಿಸಿಗೆ 41. ಡಿಎಸ್‌ಪಿಸಿಗೆ 55. ಸೋಯಾ ಮತ್ತು ಮೊಟ್ಟೆಯ ಫಾಸ್ಫಟಿಡೈಲ್‌ಕೋಲಿನ್‌ಗೆ ಸೊನ್ನೆಗಿಂತ ಕೆಳಗೆ. ಸೋಯಾದ್ದು ಕೋಣೆಯ ತಾಪದಲ್ಲೇ ಮೆತ್ತಗಿರುತ್ತೆ, ಅದಕ್ಕೇ ಹೊಸಬರಿಗೆ ಅದು ಒಳ್ಳೆಯದು. ಡಿಎಸ್‌ಪಿಸಿ ಹಿಡಿದವರು ನೀರು, ಫ್ಲಾಸ್ಕ್, ಎಕ್ಸ್‌ಟ್ರೂಡರ್ ಎಲ್ಲವನ್ನೂ 60 ಡಿಗ್ರಿಗಿಂತ ಮೇಲಿಡಬೇಕು. ಸೀನಿಯರ್ ಬರೆದಿಟ್ಟ ಉಷ್ಣಾಂಶವನ್ನು ನಕಲು ಮಾಡಬೇಡಿ. ಅವರ ಕೊಬ್ಬೇ ಬೇರೆ, ನಿಮ್ಮ ಕೊಬ್ಬೇ ಬೇರೆ.

ಹಂತ 2: ತೂಕ. ಇಲ್ಲೇ ಅರ್ಧ ಜನ ಜಾರುವುದು

ಮೊದಲು ಲೇಬಲ್ ಓದಿ. ಬೇಕರಿ ಸಾಮಾನು ಮಾರುವವರ ಹತ್ತಿರ ಸಿಗುವ ಸೋಯಾ ಲೆಸಿಥಿನ್ ಬೇರೆ, ಶುದ್ಧೀಕರಿಸಿದ ಸೋಯಾ ಫಾಸ್ಫಟಿಡೈಲ್‌ಕೋಲಿನ್ ಬೇರೆ. ಮೊದಲನೆಯದರಲ್ಲಿ ಎಣ್ಣೆಯೂ ಇತರ ಫಾಸ್ಫೋಲಿಪಿಡ್‌ಗಳೂ ಬೆರೆತಿರುತ್ತವೆ. ಅಗ್ಗ ಅಂತ ಅದನ್ನು ತಂದರೆ ಒಂದು ಸಲ ಬಂದ ಫಲಿತಾಂಶ ಇನ್ನೊಂದು ಸಲ ಬರುವುದಿಲ್ಲ.

ಮೈನಸ್ 20ರ ಫ್ರೀಜರ್‌ನಿಂದ ಬಾಟಲಿ ತೆಗೆದ ಮೇಲೆ ಮುಚ್ಚಳ ತೆರೆಯದೆ ಮುಕ್ಕಾಲು ಗಂಟೆ ಹೊರಗಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಹನಿಗಟ್ಟುತ್ತೆ. ಜುಲೈನಲ್ಲಿ ಬೆಳಗಾವಿಯ ಮಳೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆ ದಿನಗಳಲ್ಲಿ ಪುಡಿ ತಕ್ಕಡಿಯ ಮೇಲೆ ಕೂತಲ್ಲೇ ಅಂಟಾಗುತ್ತೆ, ತಕ್ಕಡಿಯ ಅಂಕಿ ನಿಧಾನವಾಗಿ ಏರುತ್ತಲೇ ಇರುತ್ತೆ. ನೀವು ತೂಗುತ್ತಿರುವುದರಲ್ಲಿ ಸ್ವಲ್ಪ ಮಳೆಗಾಲವೂ ಇದೆ ಅಂತ ಅರ್ಥ. ಬೇಗ ತೂಗಿ, ಕೂಡಲೇ ಕ್ಲೋರೋಫಾರ್ಮ್‌ಗೆ ಹಾಕಿ.

ಈಗ ಲೆಕ್ಕ. ಸಂಶೋಧನಾ ಪೇಪರ್‌ನಲ್ಲಿ ಫಾಸ್ಫಟಿಡೈಲ್‌ಕೋಲಿನ್‌ಗೂ ಕೊಲೆಸ್ಟರಾಲ್‌ಗೂ "7:3" ಅಂತ ಇದ್ದರೆ ಅದು ಹೆಚ್ಚಾಗಿ ಮೋಲ್ ಅನುಪಾತ, ಅಂದರೆ ಅಣುಗಳ ಎಣಿಕೆಯ ಅನುಪಾತ. ಮಿಲಿಗ್ರಾಂ ಅಂದುಕೊಂಡರೆ ಕಥೆ ಮುಗಿಯಿತು. ನೋಡಿ:

ಸೋಯಾ ಫಾಸ್ಫಟಿಡೈಲ್‌ಕೋಲಿನ್‌ನ ಸರಾಸರಿ ಅಣುತೂಕ ಸುಮಾರು 775. ಹಾಗಾದರೆ 100 ಮಿ.ಗ್ರಾಂ ಅಂದರೆ 129 ಮೈಕ್ರೋಮೋಲ್. 7:3ರ ಪ್ರಕಾರ ಕೊಲೆಸ್ಟರಾಲ್ 55.3 ಮೈಕ್ರೋಮೋಲ್ ಬೇಕು. ಕೊಲೆಸ್ಟರಾಲ್‌ನ ಅಣುತೂಕ 386.65. ಗುಣಿಸಿದರೆ 21.4 ಮಿ.ಗ್ರಾಂ.

ಅದೇ 7:3 ಅನ್ನು ತೂಕ ಅಂತ ತಿಳಿದವರು 42.9 ಮಿ.ಗ್ರಾಂ ಹಾಕುತ್ತಾರೆ. ಅಂದರೆ ಎರಡು ಪಟ್ಟು. ಆಗ ಮಿಶ್ರಣದಲ್ಲಿ ಕೊಲೆಸ್ಟರಾಲ್ ಪಾಲು ಶೇ 30 ಇರಬೇಕಾದದ್ದು ಶೇ 46 ಆಗುತ್ತೆ. ಪದರ ಬಿಗಿಯಾಗುತ್ತೆ, ಕೊಬ್ಬಿನ ಜೊತೆ ಇರಬೇಕಾದ ಔಷಧಕ್ಕೆ ಜಾಗ ಕಡಿಮೆಯಾಗುತ್ತೆ. ಇನ್ನೂ ಜಾಸ್ತಿ ಆದರೆ ಕೊಲೆಸ್ಟರಾಲ್ ಬೇರೆಯಾಗಿ ಹರಳುಗಟ್ಟುತ್ತೆ. ನೋಟ್‌ಬುಕ್ಕಿನಲ್ಲಿ ಮೈಕ್ರೋಮೋಲ್ ಕಾಲಂ ಇಲ್ಲದಿದ್ದರೆ ನಾನು ಫ್ಲಾಸ್ಕ್ ನೋಡುವುದೇ ಇಲ್ಲ. ಮೊದಲು ಅದನ್ನು ಬರೆದುಕೊಂಡು ಬನ್ನಿ ಅಂತೇನೆ.

ಕರ್ಕ್ಯುಮಿನ್ 5 ಮಿ.ಗ್ರಾಂ ಸಾಕು. ಅಂದರೆ 13.6 ಮೈಕ್ರೋಮೋಲ್, ಒಟ್ಟು ಕೊಬ್ಬಿನ ಹದಿಮೂರರಲ್ಲಿ ಒಂದು ಪಾಲು. ಜಾಸ್ತಿ ಹಾಕಿದರೆ ಜಾಸ್ತಿ ಒಳಗೆ ಹೋಗುತ್ತೆ ಅನ್ನುವುದು ಭ್ರಮೆ. ಹೆಚ್ಚಾದದ್ದು ಹರಳಾಗಿ ತಳಕ್ಕೆ ಕೂರುತ್ತೆ, ಮುಂದೆ ಹಂತ 7ರಲ್ಲಿ ನಿಮ್ಮನ್ನು ಮೋಸ ಮಾಡುತ್ತೆ.

ಹಂತ 3: ಪದರ ಹಚ್ಚುವುದು

ಕೊಬ್ಬು, ಕೊಲೆಸ್ಟರಾಲ್, ಕರ್ಕ್ಯುಮಿನ್ ಮೂರನ್ನೂ 2 ಪಾಲು ಕ್ಲೋರೋಫಾರ್ಮ್, 1 ಪಾಲು ಮೆಥನಾಲ್ ಮಿಶ್ರಣದಲ್ಲಿ ಕರಗಿಸಿ. 10 ಮಿ.ಲೀ. ಸಾಕು. ಬೆಳಕಿಗೆ ಹಿಡಿದು ನೋಡಿ, ಚಹಾ ಸೋಸಿದ ಹಾಗೆ ತಿಳಿಯಾಗಿರಬೇಕು. ಒಂದು ಕಣ ತೇಲಿದರೂ ಮುಂದೆ ಹೋಗಬೇಡಿ. ನೀರಿನಲ್ಲಿ ಕರಗುವ ಔಷಧವಾದರೆ ಅದನ್ನು ಇಲ್ಲಿ ಹಾಕಬಾರದು. ಅದು ಹಂತ 5ರ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಹೋಗಬೇಕು.

ರೋಟರಿ ಇವಾಪೊರೇಟರ್‌ನಲ್ಲಿ ಕ್ರಮ ಮುಖ್ಯ. ಫ್ಲಾಸ್ಕಿಗೆ ಕ್ಲಿಪ್ ಹಾಕಿ. ಮೊದಲು ತಿರುಗಿಸಿ, ಆಮೇಲೆ 40 ಡಿಗ್ರಿ ನೀರಿಗೆ ಇಳಿಸಿ, ಕೊನೆಗೆ ವ್ಯಾಕ್ಯೂಮ್. ವ್ಯಾಕ್ಯೂಮನ್ನು ಒಂದೇ ಸಲ ಪೂರ್ತಿ ಬಿಟ್ಟರೆ ದ್ರಾವಣ ಧಡ್ ಅಂತ ಉಕ್ಕಿ ಮೇಲಿನ ಕೊಳವೆಗೆ ಹಾರುತ್ತೆ. ಹಾರಿದ್ದನ್ನು ತೊಳೆದು ವಾಪಸ್ ಹಾಕುವ ಆಸೆ ಬೇಡ. ಅನುಪಾತ ಹೋಯಿತು, ಹೊಸದಾಗಿ ತೂಗಿ. ಸುಮಾರು 400 ಮಿಲಿಬಾರ್‌ನಿಂದ ಶುರು ಮಾಡಿ, ಐದೈದು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾ 200ಕ್ಕೆ ಬನ್ನಿ. ದ್ರವ ಕಣ್ಣಿಗೆ ಕಾಣದಾದ ಮೇಲೆ ಪೂರ್ತಿ ಎಳೆಯಿರಿ, ಇನ್ನೂ ಅರ್ಧ ಗಂಟೆ ಬಿಡಿ.

ಹಳೆಯ ಪಂಪಿನ ಮುಳ್ಳು ಇರುವ ಗೇಜ್ ಬಗ್ಗೆ ಒಂದು ಮಾತು. ಅದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಅಂತ ತೋರಿಸುತ್ತೆ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ 690–695 ಮಿ.ಮೀ. ಪಾದರಸದ ಆಸುಪಾಸು. ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಮುಳ್ಳು 760 ಮುಟ್ಟುವುದಿಲ್ಲ. ಮುಟ್ಟಲಿಲ್ಲ ಅಂತ ಪಂಪ್ ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ.

ಸರಿಯಾದ ಪದರ ಹೇಗಿರುತ್ತೆ? ಕನ್ನಡಿಗೆ ಉಸಿರು ಬಿಟ್ಟಾಗ ಕೂರುವ ಮಂಜಿನ ಹಾಗೆ. ತೆಳ್ಳಗೆ, ಸಮವಾಗಿ, ಫ್ಲಾಸ್ಕಿನ ಅರ್ಧ ಹೊಟ್ಟೆಯವರೆಗೆ. ಕರ್ಕ್ಯುಮಿನ್ ಇದ್ದರೆ ತಿಳಿ ಹಳದಿ. ಕೆಡುಕಿನ ಗುರುತುಗಳು ಮೂರು. ತಳದಲ್ಲಿ ಮಾತ್ರ ದಪ್ಪ ಉಂಗುರ ಕಂಡರೆ ಫ್ಲಾಸ್ಕ್ ಸಣ್ಣದಾಯಿತು ಅಥವಾ ತಿರುಗುವ ವೇಗ ಕಡಿಮೆಯಾಯಿತು. ಬಿಳಿ ಚುಕ್ಕೆ ಚುಕ್ಕೆ ಕಂಡರೆ ಕೊಲೆಸ್ಟರಾಲ್ ಬೇರೆಯಾಗಿದೆ. ಕಡು ಕಿತ್ತಳೆ ಗೆರೆ ಎದ್ದರೆ ಕರ್ಕ್ಯುಮಿನ್ ಹರಳಾಗಿದೆ. ಈ ಮೂರರಲ್ಲಿ ಯಾವುದು ಕಂಡರೂ ಮತ್ತೆ ಕ್ಲೋರೋಫಾರ್ಮ್ ಮಿಶ್ರಣ ಹಾಕಿ ಕರಗಿಸಿ ಇನ್ನೊಮ್ಮೆ ಹಚ್ಚಬಹುದು. ನೀರು ಹಾಕಿದ ಮೇಲೆ ಆ ದಾರಿ ಇಲ್ಲ.

ಮುಗಿಸುವಾಗ ಫ್ಲಾಸ್ಕನ್ನು ನೀರಿನಿಂದ ಮೇಲೆತ್ತಿ, ತಿರುಗುವುದನ್ನು ನಿಲ್ಲಿಸಿ, ಒಂದು ಕೈ ಫ್ಲಾಸ್ಕ್ ಕೆಳಗಿಟ್ಟು ನಿಧಾನವಾಗಿ ಗಾಳಿ ಬಿಡಿ. ಕೈ ಇಡದವರ ಫ್ಲಾಸ್ಕ್ ನೀರಿಗೆ ಬಿದ್ದ ಸದ್ದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಪರಿಚಿತ.

ಹಂತ 4: ರಾತ್ರಿಯಿಡೀ ಒಣಗಿಸಿ

ಕಣ್ಣಿಗೆ ಒಣಗಿದೆ ಅನ್ನಿಸಿದರೂ ಪದರದ ಒಳಗೆ ದ್ರಾವಕ ಕೂತಿರುತ್ತೆ. ಔಷಧಗಳಲ್ಲಿ ಉಳಿಯಬಹುದಾದ ಕ್ಲೋರೋಫಾರ್ಮ್‌ಗೆ ಐಸಿಎಚ್ (ಔಷಧಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಸಂಸ್ಥೆ) ಮಾರ್ಗಸೂಚಿ ಇಟ್ಟಿರುವ ಮಿತಿ 60 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 60 ಪಾಲು. ಮೆಥನಾಲ್‌ಗೆ 3000. ಜೀವಕೋಶದ ಮೇಲೆ ಪ್ರಯೋಗ ಮಾಡುವವರಿಗೆ ಇದು ಇನ್ನೂ ಮುಖ್ಯ. ಕೋಶ ಸತ್ತದ್ದು ನಿಮ್ಮ ಔಷಧದಿಂದಲೋ ಕ್ಲೋರೋಫಾರ್ಮ್‌ನಿಂದಲೋ ಗೊತ್ತಾಗುವುದಿಲ್ಲ. ಹೋಗಿದೆಯಾ ಅಂತ ಮೂಸಿ ನೋಡುವ ಚಟ ಬಿಡಿ.

ಫ್ಲಾಸ್ಕಿಗೆ ಫಾಯಿಲ್ ಸುತ್ತಿ, ಬಾಯಿಗೆ ಸಣ್ಣ ತೂತುಗಳಿರುವ ಫಾಯಿಲ್ ಮುಚ್ಚಿ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಇಡಿ. ಸಿಲಿಕಾ ಜೆಲ್‌ನ ಬಣ್ಣ ಬದಲಾಗಿದ್ದರೆ ಓವನ್‌ನಲ್ಲಿ ಒಣಗಿಸಿ ತಂದೇ ಶುರು ಮಾಡಿ.

ಇಲ್ಲಿ ನನ್ನದೇ ಒಂದು ಪೆಟ್ಟು. ಒಂದು ಮಳೆಗಾಲದ ರಾತ್ರಿ ಎಣ್ಣೆಯ ಪಂಪನ್ನು ಚಾಲೂ ಬಿಟ್ಟು ಮನೆಗೆ ಹೋದೆ. ನಡುರಾತ್ರಿ ಕರೆಂಟ್ ಹೋಗಿದೆ. ಪಂಪ್ ನಿಂತಿದೆ, ಡೆಸಿಕೇಟರ್‌ನೊಳಗಿನ ವ್ಯಾಕ್ಯೂಮ್ ಪಂಪಿನ ಎಣ್ಣೆಯನ್ನೇ ಹಿಂದಕ್ಕೆ ಎಳೆದಿದೆ. ಬೆಳಿಗ್ಗೆ ಬಂದು ನೋಡಿದರೆ ಕೊಳವೆಯ ತುಂಬಾ ಎಣ್ಣೆ, ಪದರದ ಮೇಲೆ ಕಾಮನಬಿಲ್ಲಿನ ಹೊಳಪು. ಮೂರು ಫ್ಲಾಸ್ಕ್ ಹೋದವು. ಅಂದಿನಿಂದ ಒಂದು ಗಂಟೆ ಎಳೆದು, ಡೆಸಿಕೇಟರ್‌ನ ತಿರುಪು ಮುಚ್ಚಿ, ಪಂಪಿಗೆ ಗಾಳಿ ಬಿಟ್ಟು ಆಮೇಲೆ ಆಫ್ ಮಾಡಿ ಹೋಗುತ್ತೇನೆ. ನೀವೂ ಹಾಗೇ ಮಾಡಿ.

ಹಂತ 5: ನೀರು ಕುಡಿಸುವುದು

ಬಫರ್ ಮೊದಲೇ ಬಿಸಿಯಾಗಿರಲಿ. ಕೊಬ್ಬಿನ ಟ್ರಾನ್ಸಿಶನ್‌ಗಿಂತ 5ರಿಂದ 10 ಡಿಗ್ರಿ ಮೇಲೆ. ಡಿಪಿಪಿಸಿಗೆ ತಣ್ಣನೆಯ ಬಫರ್ ಹಾಕಿ ಆಮೇಲೆ ಬಿಸಿ ಮಾಡುತ್ತೇನೆ ಅಂದರೆ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಬಾಗಿಲಲ್ಲಿ ನಿಂತವರು ಹೇಳುವ "ಗಂಟು" ಅದೇ. ನಮ್ಮ ಸೋಯಾ ಉದಾಹರಣೆಗೆ 40 ಡಿಗ್ರಿ ಸಾಕು.

ಪಿಎಚ್ 7.4ರ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್) ಎಲ್ಲರ ಕೈಗೂ ಸುಲಭವಾಗಿ ಸಿಗುತ್ತೆ, ಹಾಗಾಗಿ ಎಲ್ಲರೂ ಅದನ್ನೇ ಸುರಿಯುತ್ತಾರೆ. ಆದರೆ ಕರ್ಕ್ಯುಮಿನ್ ಆ ಪಿಎಚ್‌ನಲ್ಲಿ ನೀರಿಗೆ ತೆರೆದುಕೊಂಡರೆ ನಿಮಿಷಗಳಲ್ಲಿ ಒಡೆಯಲು ಶುರುವಾಗುತ್ತೆ. ಫಾಸ್ಫೋಲಿಪಿಡ್ ಕೂಡ ಪಿಎಚ್ 6.5ರ ಸುತ್ತ ಅತಿ ನಿಧಾನವಾಗಿ ಒಡೆಯುತ್ತೆ. ಹಾಗಾಗಿ ಇಲ್ಲಿ 6.5ರ ಬಫರ್ ಒಳ್ಳೆಯದು.

ವ್ಯಾಕ್ಯೂಮ್ ಬಂದ್. ಮೊದಲು 3 ಮಿ.ಲೀ. ಹಾಕಿ ತಿರುಗಿಸಿ. ಗಾಜಿನಿಂದ ಪದರ ಹಾಲಿನಂತೆ ಬಿಡಲು ಶುರುವಾದ ಮೇಲೆ ಉಳಿದ 7 ಮಿ.ಲೀ. ಹಾಕಿ. ಒಂದು ಗಂಟೆ, ನಿಮಿಷಕ್ಕೆ 60 ಸುತ್ತು. ಗೋಡೆ ಬಿಡದಿದ್ದರೆ ನಾಲ್ಕೈದು ಗಾಜಿನ ಮಣಿ ಹಾಕಿ. ಸ್ಪಾಚುಲಾದಿಂದ ಕೆರೆಯಬೇಡಿ. ಮುಗಿದ ಮೇಲೆ ಇನ್ನೊಂದು ಗಂಟೆ ಸುಮ್ನೆ ಬಿಡಿ, ಪದರಗಳು ಉಬ್ಬಲಿ. ಕೊನೆಗೆ ಸಿಗುವುದು ಈರುಳ್ಳಿಯ ಹಾಗೆ ಪದರದೊಳಗೆ ಪದರ ಇರುವ ದೊಡ್ಡ ಗುಳ್ಳೆಗಳು. ನೋಡಲು ಹಳದಿ ಹಾಲು.

ನೀರಿನಲ್ಲಿ ಕರಗುವ ಔಷಧದವರು ಇಲ್ಲಿ ಘನೀಕರಿಸಿ ಕರಗಿಸುವ ಸುತ್ತು 5ರಿಂದ 10 ಸಲ ಮಾಡಿದರೆ ಒಳಗೆ ಸೇರುವ ಪಾಲು ಏರುತ್ತೆ. ದ್ರವ ಸಾರಜನಕ ಬೇಕಾಗುತ್ತೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಕ್ಯಾನಿನಲ್ಲಿರುವುದೂ ಇದೇ ಸಾರಜನಕ. ನಮ್ಮ ಭಾಗದಲ್ಲಿ ಎಲ್ಲಿ ಸಿಗುತ್ತೆ ಅಂತ ಹುಡುಕುವವರಿಗೆ ಇದು ಒಂದು ಸುಳಿವು. ಮುಖಕವಚ ಮತ್ತು ದಪ್ಪ ಕೈಗವಸು ಇಲ್ಲದೆ ಮುಟ್ಟಬೇಡಿ.

ಹಂತ 6: ಗಾತ್ರ ಇಳಿಸುವುದು

ಎಕ್ಸ್‌ಟ್ರೂಡರ್ ಇದ್ದರೆ ಅದೇ ಒಳ್ಳೆಯದು. 400, 200, 100 ನ್ಯಾನೋಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಪೊರೆ, ಇದೇ ಕ್ರಮದಲ್ಲಿ. ನೇರ 100ಕ್ಕೆ ಹೋದರೆ ಪೊರೆ ಕಟ್ಟಿಕೊಳ್ಳುತ್ತೆ. ಪ್ರತಿ ಪೊರೆಗೆ 11 ಸಲ. ಬೆಸ ಸಂಖ್ಯೆ ಯಾಕೆಂದರೆ ಕೊನೆಗೆ ದ್ರವ ಎದುರಿನ ಸಿರಿಂಜಿನಲ್ಲಿ ಇರಬೇಕು. ಶುರುವಿನ ಸಿರಿಂಜಿನಲ್ಲಿ ಒತ್ತದೆ ಉಳಿದ ದೊಡ್ಡ ಕಣಗಳು ಮೂಲೆಯಲ್ಲಿ ಇರುತ್ತವೆ. ಒತ್ತುವಾಗ ಇದ್ದಕ್ಕಿದ್ದಂತೆ ಹಗುರವಾದರೆ ಸಂತೋಷಪಡಬೇಡಿ, ಪೊರೆ ಹರಿದಿದೆ.

ಪ್ರೋಬ್ ಸೋನಿಕೇಟರ್ ಆದರೆ ಸೋಯಾದ್ದಕ್ಕೆ ಐಸ್ ನೀರಿನಲ್ಲಿ ಟ್ಯೂಬ್ ಇಟ್ಟು, 10 ಸೆಕೆಂಡ್ ಚಾಲೂ 10 ಸೆಕೆಂಡ್ ಬಂದ್, ಒಟ್ಟು 3ರಿಂದ 5 ನಿಮಿಷ. ಡಿಪಿಪಿಸಿ, ಡಿಎಸ್‌ಪಿಸಿಗೆ ಐಸ್ ಇಡಬೇಡಿ. ಪ್ರೋಬ್ ತುದಿ ಸವೆದು ಬೂದು ಬಣ್ಣದ ಟೈಟೇನಿಯಂ ಪುಡಿ ಉದುರುತ್ತೆ, ಅದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಬೇಕು. ನೊರೆ ಬಂದರೆ ತುದಿ ಮೇಲೆ ಬಂದಿದೆ, ಇನ್ನಷ್ಟು ಮುಳುಗಿಸಿ.

ಔಷಧವಿಲ್ಲದ ಖಾಲಿ ಲೈಪೋಸೋಮ್ ಮಾಡಿದ್ದರೆ ಗುರುತು ಸ್ಪಷ್ಟ. ಹಾಲಿನ ಬಿಳುಪು ಹೋಗಿ, ಕಿಟಕಿಗೆ ಹಿಡಿದರೆ ತಿಳಿ ನೀಲಿ ಛಾಯೆ ಬರುತ್ತೆ. ಖಾಲಿ ಬ್ಯಾಚ್ ಒಂದನ್ನು ಯಾವಾಗಲೂ ಜೊತೆಗೇ ಮಾಡಿ. ಮುಂದಿನ ಹಂತದಲ್ಲಿ ಅದಿಲ್ಲದೆ ಆಗುವುದಿಲ್ಲ.

ಹಂತ 7: ಒಳಗೆ ಎಷ್ಟು ಹೋಯಿತು? ಶೇ 98 ಬಂದರೆ ಅನುಮಾನಪಡಿ

ಬಾಗಲಕೋಟೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಒಂದು ಸಂಜೆ ಓಡೋಡಿ ಬಂದಳು. "ಸರ್, ಎನ್‌ಟ್ರ್ಯಾಪ್‌ಮೆಂಟ್ 98 ಪರ್ಸೆಂಟ್ ಬಂದೈತ್ರೀ!" ಹೇಗೆ ಅಳೆದೆ ಅಂದೆ. ಡಯಾಲಿಸಿಸ್ ಚೀಲದಲ್ಲಿ (ಕರಗಿದ ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಪೊರೆಯ ಚೀಲ) ಹಾಕಿ, ಹೊರಗಿನ ನೀರಿಗೆ ಬಂದ ಕರ್ಕ್ಯುಮಿನ್ ಅಳೆದಿದ್ದಳು. ಹೊರಗೆ ಏನೂ ಬಂದಿರಲಿಲ್ಲ. ಹಾಗಾದರೆ ಎಲ್ಲ ಒಳಗೇ ಇದೆ ಅಲ್ವಾ?

ಅಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಲೈಪೋಸೋಮ್‌ಗೆ ಸೇರದೆ ಹರಳಾಗಿ ಬಿದ್ದ ಕರ್ಕ್ಯುಮಿನ್ ಕೂಡ ಚೀಲದ ಒಳಗೇ ಕೂತಿರುತ್ತೆ. ಚೀಲ ಎತ್ತಿ ದೀಪಕ್ಕೆ ಹಿಡಿದೆವು. ಕೆಳಗಿನ ಮಡಿಕೆಯಲ್ಲಿ ಅರಿಶಿನದ ಗೆರೆ. ಅವಳು ಒಂದು ಕ್ಷಣ ಅದನ್ನೇ ನೋಡಿ, "ಇದನ್ನೂ ಲೆಕ್ಕಕ್ಕ ಹಿಡದೇನ್ರೀ ನಾನು" ಅಂದಳು.

ನೀರಿನಲ್ಲಿ ಕರಗದ ಔಷಧಕ್ಕೆ ಹೀಗೆ ಮಾಡಿ. ಮೊದಲು ನಿಧಾನ ವೇಗದಲ್ಲಿ, 3000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಹರಳು ತಳಕ್ಕೆ ಹೋಗುತ್ತೆ, 100 ನ್ಯಾನೋಮೀಟರ್ ಲೈಪೋಸೋಮ್ ಮೇಲೆ ತೇಲುತ್ತೆ. ಮೇಲಿನದನ್ನು ತೆಗೆದು ಮೆಥನಾಲ್‌ನಲ್ಲಿ ಒಡೆದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 425 ನ್ಯಾನೋಮೀಟರ್ ಸುತ್ತ ಓದಿ. ತಳದ ಹರಳನ್ನೂ ಮೆಥನಾಲ್‌ನಲ್ಲಿ ಕರಗಿಸಿ ಓದಿ. ಎರಡೂ ಸೇರಿ ನೀವು ಹಾಕಿದ 5 ಮಿ.ಗ್ರಾಂಗೆ ಹೆಚ್ಚುಕಡಿಮೆ ಸರಿಹೊಂದಬೇಕು. ಸಾಕಷ್ಟು ಕಡಿಮೆ ಬಂದರೆ ಫ್ಲಾಸ್ಕಿನ ಗೋಡೆ, ಪೊರೆ, ಸಿರಿಂಜ್ ನೋಡಿ. ಹಳದಿ ಅಲ್ಲೇ ಇರುತ್ತೆ. ಬ್ಲಾಂಕ್ (ಯಂತ್ರದ ಸೊನ್ನೆ ಗೊತ್ತು ಮಾಡುವ ಮಾದರಿ) ಆಗಿ ಬರೀ ಮೆಥನಾಲ್ ಇಡಬೇಡಿ. ಅಷ್ಟೇ ಮೆಥನಾಲ್‌ನಲ್ಲಿ ಒಡೆದ ಖಾಲಿ ಲೈಪೋಸೋಮ್ ಇಡಿ. ಇಲ್ಲದಿದ್ದರೆ ಕೊಬ್ಬಿನ ಮಬ್ಬನ್ನೂ ಔಷಧ ಅಂತ ಓದುತ್ತೀರಿ.

ನೀರಿನಲ್ಲಿ ಕರಗುವ ಔಷಧದವರ ತಪ್ಪು ಇದಕ್ಕೆ ತಿರುವುಮುರುವು. ಅವರು ಟೇಬಲ್ ಮೇಲಿನ ಸೆಂಟ್ರಿಫ್ಯೂಜ್‌ನಲ್ಲಿ 12,000 ಆರ್‌ಪಿಎಂ ಹಾಕಿ, ಮೇಲಿನ ದ್ರವವನ್ನು "ಹೊರಗುಳಿದ ಔಷಧ" ಅಂತ ಅಳೆಯುತ್ತಾರೆ. ಸಣ್ಣ ಲೈಪೋಸೋಮ್ ಅಷ್ಟಕ್ಕೆ ತಳ ಸೇರುವುದಿಲ್ಲ. ಮೇಲಿನ ದ್ರವದಲ್ಲೇ ಇರುತ್ತೆ. ಇದಕ್ಕೆ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು. ಇಲ್ಲದಿದ್ದರೆ ಸೆಫಡೆಕ್ಸ್ ಜಿ-50 (ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮಣಿಗಳು) ತುಂಬಿದ ಸಣ್ಣ ಕಾಲಂ ಸಾಕು. ಲೈಪೋಸೋಮ್ ಮೊದಲು ಇಳಿಯುತ್ತೆ, ಬಿಡಿ ಔಷಧ ಹಿಂದೆ ಬರುತ್ತೆ. ಇಳಿದ ಲೈಪೋಸೋಮನ್ನು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕದಿಂದ ಒಡೆದು ಅಳೆಯಿರಿ.

ಆಮೇಲೆ ಒಂದು ಸಾಮಾನ್ಯ ಜ್ಞಾನದ ಲೆಕ್ಕ. ಮಿ.ಲೀ.ಗೆ 10 ಮಿ.ಗ್ರಾಂ ಕೊಬ್ಬು ಇರುವಾಗ 100 ನ್ಯಾನೋಮೀಟರ್ ಗುಳ್ಳೆಗಳೆಲ್ಲ ಸೇರಿ ಹಿಡಿಯುವ ನೀರು ನೂರರಲ್ಲಿ ಕೆಲವೇ ಪಾಲು. ನೀರಿನ ಜೊತೆ ಸುಮ್ನೆ ಒಳಗೆ ಹೋಗುವ ಔಷಧವೂ ಅಷ್ಟೇ. ಶೇ 80 ಬಂತು ಅಂದರೆ ಅಳತೆ ತಪ್ಪಿದೆ, ಇಲ್ಲವೇ ಔಷಧ ಪದರಕ್ಕೆ ಅಂಟಿದೆ. ಡಾಕ್ಸೊರುಬಿಸಿನ್‌ನಂಥ ಔಷಧವನ್ನು ಶೇ 90 ದಾಟಿ ತುಂಬುತ್ತಾರಲ್ಲ ಅನ್ನಬಹುದು. ಅಲ್ಲಿ ಅಮೋನಿಯಂ ಸಲ್ಫೇಟನ್ನು ಮೊದಲು ಒಳಗಿಟ್ಟು, ಹೊರಗಿನದನ್ನು ತೆಗೆದು, ಆ ವ್ಯತ್ಯಾಸದ ಬಲದಿಂದ ಔಷಧವನ್ನು ಒಳಗೆಳೆಯುತ್ತಾರೆ. ಅದು ಬೇರೆಯೇ ವಿಧಾನ.

ಹಂತ 8: ಗಾತ್ರ ಮತ್ತು ವಿದ್ಯುದಂಶ ಅಳತೆ

ಮಾದರಿಯನ್ನು ಬರೀ ನೀರಿನಲ್ಲಿ ತೆಳು ಮಾಡಬೇಡಿ, ಗುಳ್ಳೆ ನೀರೆಳೆದುಕೊಂಡು ಉಬ್ಬುತ್ತೆ. ತಯಾರಿಸಿದ ಬಫರ್‌ನಲ್ಲೇ, ಅದನ್ನೂ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ತೆಳು ಮಾಡಿ. ಪಿಡಿಐ (ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಅನ್ನುವ ಅಂಕಿ) 0.2ರ ಒಳಗೆ ಬಂದರೆ ಚೆನ್ನ, 0.3 ದಾಟಿದರೆ ಹಂತ 6ಕ್ಕೆ ವಾಪಸ್. ಡಿಎಲ್‌ಎಸ್ ಯಂತ್ರ ಮೂರು ಥರ ಗ್ರಾಫ್ ಕೊಡುತ್ತೆ. ಇಂಟೆನ್ಸಿಟಿ ಗ್ರಾಫ್‌ನಲ್ಲಿ ದೊಡ್ಡ ಉಬ್ಬು ಕಂಡಾಗ, ನಂಬರ್ ಗ್ರಾಫ್ ಚೆಂದ ಕಾಣುತ್ತೆ ಅಂತ ಅದನ್ನು ಥೀಸಿಸ್‌ಗೆ ಅಂಟಿಸುವವರಿದ್ದಾರೆ. ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ. ಜೀಟಾ ಪೊಟೆನ್ಶಿಯಲ್‌ಗೆ (ಕಣದ ಮೇಲ್ಮೈಯ ವಿದ್ಯುದಂಶದ ಅಳತೆ) ಉಪ್ಪು ಕಡಿಮೆ ಇರುವ 10 ಮಿಲಿಮೋಲಾರ್ ಬಫರ್‌ಗೆ ಗ್ಲೂಕೋಸ್ ಸೇರಿಸಿ ಬಳಸಿ. ಪಿಬಿಎಸ್‌ನ ಉಪ್ಪು ವಿದ್ಯುದಂಶವನ್ನು ಮುಚ್ಚಿಬಿಡುತ್ತೆ.

ಹಂತ 9: ಇಟ್ಟುಕೊಳ್ಳುವುದು

2ರಿಂದ 8 ಡಿಗ್ರಿ, ಫಾಯಿಲ್ ಸುತ್ತಿ, ಸಾಧ್ಯವಾದರೆ ಬಾಟಲಿಯ ಮೇಲ್ಭಾಗಕ್ಕೆ ಸಾರಜನಕ ಊದಿ. ಫ್ರೀಜರ್‌ಗೆ ಬೇಡ, ಐಸ್ ಹರಳು ಗುಳ್ಳೆ ಒಡೆಯುತ್ತೆ. ಟ್ರೆಹಲೋಸ್‌ನಂಥ ಸಕ್ಕರೆ ಹಾಕಿದ್ದರೆ ಮಾತು ಬೇರೆ. ಕಮಟು ವಾಸನೆ ಬಂದರೆ, ಖಾಲಿ ಬ್ಯಾಚ್ ಕಂದು ಬಣ್ಣಕ್ಕೆ ತಿರುಗಿದರೆ ಸೋಯಾ ಕೊಬ್ಬು ಗಾಳಿಗೆ ಕೆಟ್ಟಿದೆ. ತಳಕ್ಕೆ ಕೂತದ್ದು ಮೆಲ್ಲಗೆ ತಿರುಗಿಸಿದರೆ ಕೂಡಿಕೊಂಡರೆ ಪರವಾಗಿಲ್ಲ, ಚೂರು ಚೂರಾಗಿ ತೇಲಿದರೆ ಎಸೆಯಿರಿ.

ನಮ್ಮ ಕಡೆಯ ಬೇಸಿಗೆಯನ್ನು ಮರೆಯಬೇಡಿ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತೆ. ಡಿಪಿಪಿಸಿಯ ಗಡಿ 41. ಫ್ಯಾನ್ ಇಲ್ಲದ ಲ್ಯಾಬಿನ ಟೇಬಲ್ ಮೇಲೆ ಬಿಟ್ಟು ಊಟಕ್ಕೆ ಹೋದರೆ, ವಾಪಸ್ ಬರುವ ಹೊತ್ತಿಗೆ ಗುಳ್ಳೆ ಒಳಗಿನ ಔಷಧ ಹೊರಗೆ ಸೋರಿರಬಹುದು. ಮಾದರಿಯನ್ನು ಬೇರೆ ಊರಿಗೆ ಬಸ್ಸಿನಲ್ಲಿ ಕಳಿಸುವವರು ಥರ್ಮೋಕೋಲ್ ಡಬ್ಬಿ, ಜೆಲ್ ಐಸ್ ಹಾಕಿ, ರಾತ್ರಿ ಬಸ್ಸಿಗೇ ಕೊಡಿ. ಜೆಲ್ ಐಸ್ ಬಾಟಲಿಗೆ ತಾಗದಂತೆ ನಡುವೆ ಬಟ್ಟೆ ಸುತ್ತಿ.

ಹಂತ 10: ಡಿಎನ್‌ಎ ಸಾಗಿಸಲು

ಡಿಎನ್‌ಎಯನ್ನು ಮೇಲಿನ ಹಾಗೆ ಒಳಗೆ ತುಂಬಲು ಹೋಗಬೇಡಿ. ಅದು ಋಣ ವಿದ್ಯುದಂಶದ ಉದ್ದನೆಯ ದಾರ. ಧನ ವಿದ್ಯುದಂಶದ ಕೊಬ್ಬಿನಿಂದ ಖಾಲಿ ಲೈಪೋಸೋಮ್ ಮಾಡಿ, ಬಳಸುವ ಹೊತ್ತಿಗೆ ಡಿಎನ್‌ಎ ಜೊತೆ ಬೆರೆಸಬೇಕು. ಡಾಟ್ಯಾಪ್ ಮತ್ತು ಡೋಪ್ ಎಂಬ ಎರಡು ಕೊಬ್ಬುಗಳನ್ನು ಮೋಲ್‌ನಲ್ಲಿ 1:1 ತೆಗೆದುಕೊಳ್ಳುವುದು ಸಾಮಾನ್ಯ. ಡಾಟ್ಯಾಪ್ ಡಿಎನ್‌ಎಯನ್ನು ಹಿಡಿಯುತ್ತೆ. ಡೋಪ್ ಕೋಶದೊಳಗಿನ ಚೀಲದಿಂದ ಅದನ್ನು ಹೊರಬಿಡಿಸಲು ನೆರವಾಗುತ್ತೆ. ಪ್ಲಾಸ್ಮಿಡ್ (ಬಳೆಯಂಥ ಡಿಎನ್‌ಎ; ಇಲ್ಲಿ ಕೋಶವನ್ನು ಹಸಿರಾಗಿ ಹೊಳೆಯಿಸುವ ಜೀನ್ ಇರುವುದು) ಮುಟ್ಟುವ ಮೊದಲು ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದಿರಿ.

ಹಂತ 2ರಿಂದ 6 ಹಾಗೇ. ಒಂದೇ ಬದಲಾವಣೆ: ನೀರು ಕುಡಿಸಲು ಉಪ್ಪಿರುವ ಬಫರ್ ಬೇಡ. ನ್ಯೂಕ್ಲಿಯೇಸ್ ಇಲ್ಲದ ನೀರು ಅಥವಾ ಶೇ 5 ಗ್ಲೂಕೋಸ್ ಬಳಸಿ. ಉಪ್ಪು ಇದ್ದರೆ ಬೆರೆಸುವಾಗ ಕಣಗಳು ಗುಂಪುಗಟ್ಟುತ್ತವೆ.

ಲೆಕ್ಕ ಹೀಗೆ. 1 ಮೈಕ್ರೋಗ್ರಾಂ ಡಿಎನ್‌ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್. 24 ಗುಳಿಯ ತಟ್ಟೆಯ ಒಂದು ಗುಳಿಗೆ 0.5 ಮೈಕ್ರೋಗ್ರಾಂ, ಅಂದರೆ 1.5 ನ್ಯಾನೋಮೋಲ್. ಎನ್/ಪಿ ಅನುಪಾತ (ಕೊಬ್ಬಿನ ಧನ ವಿದ್ಯುದಂಶದ ಸಾರಜನಕಕ್ಕೂ ಡಿಎನ್‌ಎಯ ಫಾಸ್ಫೇಟ್‌ಗೂ ಇರುವ ಅನುಪಾತ) 4 ಬೇಕಾದರೆ ಡಾಟ್ಯಾಪ್ 6 ನ್ಯಾನೋಮೋಲ್. ಅಣುತೂಕ 698.5, ಹಾಗಾಗಿ 4.2 ಮೈಕ್ರೋಗ್ರಾಂ. ಡೋಪ್ ಅನ್ನು ಈ ಲೆಕ್ಕದಲ್ಲಿ ಸೇರಿಸಬಾರದು, ಅದರ ಮೇಲೆ ಒಟ್ಟಾರೆ ಧನ ವಿದ್ಯುದಂಶ ಇಲ್ಲ. ಮೊದಲ ಸಲ 1, 2, 4, 6, 8 ಎಲ್ಲವನ್ನೂ ಮಾಡಿ ನೋಡಿ. 1ರ ಸುತ್ತ ಧನ ಋಣ ಸಮವಾಗಿ ಕಣ್ಣಿಗೇ ಕಾಣುವ ಬಿಳಿ ಎಳೆಗಳು ಬರುತ್ತವೆ. ಎಳೆ ಕಂಡದ್ದನ್ನು ಕೋಶಕ್ಕೆ ಹಾಕಬೇಡಿ.

ಡಿಎನ್‌ಎಯನ್ನೂ ಲೈಪೋಸೋಮನ್ನೂ ಬೇರೆ ಬೇರೆ ಟ್ಯೂಬಿನಲ್ಲಿ 50 ಮೈಕ್ರೋಲೀಟರ್‌ಗೆ ತನ್ನಿ. ಸೇರಿಸಿ, ಪಿಪೆಟ್‌ನಲ್ಲಿ ಮೆಲ್ಲಗೆ ಮೂರು ನಾಲ್ಕು ಸಲ ಎಳೆದು ಬಿಡಿ. ವೋರ್ಟೆಕ್ಸ್ ಬೇಡ. 20 ನಿಮಿಷ ಕೋಣೆಯ ತಾಪದಲ್ಲಿ ಬಿಡಿ. ಸ್ವಲ್ಪ ಭಾಗವನ್ನು ಅಗರೋಸ್ ಜೆಲ್‌ನಲ್ಲಿ ಓಡಿಸಿ. ಹಿಡಿದಿಟ್ಟ ಡಿಎನ್‌ಎ ಜೆಲ್‌ನ ಗುಳಿಯಲ್ಲೇ ಉಳಿಯುತ್ತೆ, ಬಿಡಿಯಾದದ್ದು ಕೆಳಗೆ ಓಡುತ್ತೆ. ಕೋಶಗಳು ಗುಳಿಯ ಶೇ 70–80 ಜಾಗ ತುಂಬಿರುವಾಗ, ಸೀರಂ ಇಲ್ಲದ ಮಾಧ್ಯಮದಲ್ಲಿ ಹಾಕಿ, 4ರಿಂದ 6 ಗಂಟೆಯ ಮೇಲೆ ಸೀರಂ ಇರುವ ಮಾಧ್ಯಮಕ್ಕೆ ಬದಲಿಸಿ.

ಜೊತೆಗೆ ನಾಲ್ಕು ಗುಳಿ ಬೇಕೇ ಬೇಕು: ಏನೂ ಹಾಕದ್ದು, ಬರೀ ಡಿಎನ್‌ಎ, ಬರೀ ಲೈಪೋಸೋಮ್, ಮತ್ತು ನಿಮ್ಮ ಲ್ಯಾಬಿನಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ರೆಡಿಮೇಡ್ ರೀಏಜೆಂಟ್. 24 ಗಂಟೆಗೆ ಒಮ್ಮೆ, 48ಕ್ಕೆ ಒಮ್ಮೆ ಹಸಿರು ಹೊಳಪು ನೋಡಿ. ಬರೀ ಲೈಪೋಸೋಮ್ ಗುಳಿಯಲ್ಲೂ ಕೋಶಗಳು ದುಂಡಗಾಗಿ ತೇಲುತ್ತಿದ್ದರೆ ಕೊಬ್ಬೇ ಜಾಸ್ತಿ, ಎನ್/ಪಿ ಇಳಿಸಿ. ರೆಡಿಮೇಡ್ ಗುಳಿಯಲ್ಲೂ ಹಸಿರು ಇಲ್ಲದಿದ್ದರೆ ಪ್ಲಾಸ್ಮಿಡ್ ಅಥವಾ ಕೋಶದ ತೊಂದರೆ, ಲೈಪೋಸೋಮ್ ಬೈಯಬೇಡಿ. ಅಲ್ಲಿ ಹಸಿರು ಇದ್ದು ನಿಮ್ಮದರಲ್ಲಿ ಮಾತ್ರ ಇಲ್ಲದಿದ್ದರೆ, ಫ್ಲಾಸ್ಕ್ ಹಿಡಿದು ಬಾಗಿಲಿಗೆ ಬನ್ನಿ. ಮೈಕ್ರೋಮೋಲ್ ಕಾಲಂ ಇರುವ ನೋಟ್‌ಬುಕ್ ಜೊತೆಗಿರಲಿ.